ಮೇಫ್ಲೈಯೂ ಪರ್ವತಿಯ ಪ್ರಸಾದವೂ

ಸಂಶಯ ಸಂಸಾರಕ್ಕೆ ಕೇಡು ಎನ್ನುತ್ತಾರೆ ಬಲ್ಲವರು. ನೀರಿನೊಳಗೆ ಮಾತ್ರ ಅದೇ ಆಯುಷ್ಯ ಎಂಬುದು ನನಗೆ ತಿಳಿದದ್ದು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಪುಣೆಗೆಲ್ಲ ನೀರು ಕುಡಿಸುವ ಖಡಕವಾಸಲಾ ಜಲಾಶಯದ ದಂಡೆಯ ಮೇಲೆ. ಉಳ್ಳಾಗಡ್ಡಿಯನ್ನೂ ವಾರ ನೋಡಿ ತಿನ್ನುವ ಸದಾಶಿವ ಪೇಠದ ನಮ್ಮ ಮನೆಯಿಂದ ನಾನು ಮೀನಿನ ಬೆನ್ನು ಹತ್ತಿದ್ದು ನಮ್ಮ ಆಫೀಸಿನ ಇನಾಮದಾರರ ದೆಸೆಯಿಂದ. "ಎರೆಹುಳ ಮುಟ್ಟೂದಿಲ್ಲ, ಮೀನ ತಿನ್ನೂದಿಲ್ಲ. ಹಿಡಿಯೋದು, ನಮಸ್ಕಾರ ಮಾಡಿ ಬಿಡೋದು. ಭಾಳ ಸಾತ್ವಿಕ ಆಟರೀ" ಎಂದು ಅವರು ದೀಕ್ಷೆ ಕೊಟ್ಟರು.

ಈ ಆಟದ ಕುಲದೇವತೆ ಮೇಫ್ಲೈ ಎಂಬ ಹುಳು. ನೀರಿನೊಳಗೆ ತಿಂಗಳುಗಟ್ಟಲೆ ಬೆಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುತ್ತದೆ. ಆಗ ಅದಕ್ಕೆ ತಿನ್ನುವ ಬಾಯಿಯೂ ಇರುವುದಿಲ್ಲ. ಇವತ್ತು ಮದುವೆ, ಇವತ್ತೇ ಏಕಾದಶಿ, ನಾಳೆ ವೈಕುಂಠ. ನೀರಿನ ಮೇಲಿಳಿದ ಈ ಉಪವಾಸಿಯೆಂದರೆ ಮೀನಿಗೆ ಪ್ರಾಣ. ಪುಕ್ಕ-ದಾರಗಳಿಂದ ಅದರಂಥದೇ ಒಂದನ್ನು ಗಾಳದ ಮೇಲೆ ಕಟ್ಟಿ ತೇಲಿಬಿಡಬೇಕು. ಪುಕ್ಕವನ್ನು ಕಿಟಕಿಯ ಪಾರಿವಾಳಗಳು ದಾನ ಮಾಡಿದವು. ರೇಷ್ಮೆ ದಾರವನ್ನು ನನ್ನ ಹೆಂಡತಿ ಸುಶೀಲಾಳ ಹಳೆಯ ಇಳಕಲ್ ಸೀರೆ ದಾನ ಮಾಡಿತು, ಅವಳಿಗೆ ತಿಳಿಯದಂತೆ.

ಊರೊಳಗಿನ ಪರ್ವತಿ ಗುಡ್ಡದ ದೇವರ ದರ್ಶನಕ್ಕೆಂದು ಹೇಳಿ ಪ್ರತಿ ರವಿವಾರ ಮುಂಜಾನೆ ಹೊರಡುತ್ತಿದ್ದೆ. ಬರುವಾಗ ಮೂಲೆಯಂಗಡಿಯ ಸಕ್ಕರೆ-ಪುಠಾಣಿಯನ್ನು ಪ್ರಸಾದವೆಂದು ಕೊಡುತ್ತಿದ್ದೆ. ಸುಶೀಲಾ ಕಣ್ಣಿಗೊತ್ತಿಕೊಂಡು, ನನ್ನ ಒದ್ದೆ ಚಪ್ಪಲಿಯನ್ನೊಮ್ಮೆ ನೋಡಿ, ಸುಮ್ಮನೆ ತಿನ್ನುತ್ತಿದ್ದಳು. ಆ ಸುಮ್ಮನಿರುವಿಕೆಯ ಬಗ್ಗೆ ನನಗೆ ಸಂಶಯ ಬರಬೇಕಿತ್ತು. ಮೀನುಗಳಾದರೋ ಅಷ್ಟು ಭಕ್ತರಲ್ಲ. ನನ್ನ ಇಳಕಲ್ ಮೇಫ್ಲೈಯ ಸುತ್ತ, ಕನ್ಯೆ ನೋಡಲು ಬಂದ ಸೋದರತ್ತೆಯಂತೆ ಒಂದು ಪ್ರದಕ್ಷಿಣೆ ಹಾಕಿ ಹೊರಟುಹೋಗುತ್ತಿದ್ದವು. ಎಂಟು ರವಿವಾರ ಒಂದೂ ಕಚ್ಚಲಿಲ್ಲ. "ರೆಕ್ಕಿ ನೆಟ್ಟಗ ನಿಂತಿಲ್ಲರೀ, ಮೀನಿಗೆ ಸಂಶೆ ಬಂದದ" ಎಂದರು ಇನಾಮದಾರರು.

ಒಂದು ಸೋಮವಾರ ಸುಶೀಲಾ ತೊವ್ವೆಯ ಮೇಲೆ ತುಪ್ಪ ಹಾಕುತ್ತ, ಮುಖ ಎತ್ತದೆ, "ನಾಳಿಂದ ನಳಕ್ಕ ಒಂದ ಹೊತ್ತು ನೀರಂತ್ರಿ. ಖಡಕವಾಸಲಾ ಪೂರ್ತಿ ಬತ್ತೇದಂತ" ಎಂದಳು.

"ಯಾವ ಹುಚ್ಚ ಹೇಳಿದಾ? ನಿನ್ನೆ ಮುಂಜಾನೆ ದಂಡಿಗೇ ಮೊಣಕಾಲಮಟ ಇತ್ತು!"

ತುಪ್ಪದ ಚಮಚ ನಿಂತಿತು. "ಪರ್ವತಿ ಗುಡ್ಡದ ಮ್ಯಾಲೇನ್ರಿ?" ಎಂದವಳೇ ಸೆರಗಿನ ಗಂಟು ಬಿಚ್ಚಿ, ನನ್ನ ಅಂಗಿಯ ಕಿಸೆಯಲ್ಲಿ ಸಿಕ್ಕ ಮೇಫ್ಲೈಯನ್ನು ತಾಟಿನ ಪಕ್ಕ ಇಟ್ಟಳು. "ನಮ್ಮವ್ವ ಕೊಟ್ಟ ಸೀರಿ ದಾರ ನನಗ ಗುರ್ತು ಹತ್ತೂದಿಲ್ಲೇನು?"

ಹಿಡಿದು ಬಿಡುವ ಧರ್ಮವನ್ನು ವಿವರಿಸಿದೆ. "ಬಿಡೋದಿದ್ರ ಹಿಡಿಯೋದ್ಯಾಕ್ರಿ?" ಎಂದಳು.

ಮರುದಿನ ನಳಕ್ಕೆ ಎರಡೂ ಹೊತ್ತು ನೀರು ಬಂತು. ಮೀನುಗಳು ಎಂಟು ವಾರ ಮುಟ್ಟದೆ ಬಿಟ್ಟಂಥ ಗಾಳವನ್ನು ನಾನು ಒಂದೇ ತುತ್ತಿಗೆ ನುಂಗಿದ್ದೆ. ಅಂದಿನಿಂದ ಪ್ರತಿ ರವಿವಾರ ಇಬ್ಬರೂ ಪರ್ವತಿಯ ಮೆಟ್ಟಿಲು ಹತ್ತುತ್ತೇವೆ. ಪ್ರಸಾದವನ್ನು ಅವಳೇ ಇಸಿದುಕೊಳ್ಳುತ್ತಾಳೆ. ಹಿಡಿದ ಮೇಲೆ ಬಿಡಬೇಕೆಂಬ ಸಾತ್ವಿಕ ನಿಯಮವನ್ನು ಅವಳು ಇನ್ನೂ ಒಪ್ಪಿಲ್ಲ.