ನಾವ್ಯಾರೂ ನೋಡಿಲ್ಲದ ಬೇಸ್‌ಬಾಲ್

ನಾವು ನಾಲ್ಕು ಜನ ಸೇರಿ ಆ ಡಬ್ಬದ ಮುಚ್ಚಳ ತೆಗೆದ್ವಿ ಅಂದ್ರೆ ಮುಗೀತು, ಏನಾದ್ರೂ ಒಂದು ಎಡವಟ್ಟು ಆಗ್ದೆ ಆ ಮುಚ್ಚಳ ವಾಪಸ್ ಹಾಕಿದ್ದೇ ಇಲ್ಲ! ಇದನ್ನೆಲ್ಲ ನಾನು ಅಂಗಡೀಲಿ ಹೇಳ್ತಾ ಕೂತ್ರೆ ಜೆರಾಕ್ಸಿಗೆ ಬಂದವ್ರು ನಗ್ತಾ ನಗ್ತಾ ಒರಿಜಿನಲ್ಲೇ ಬಿಟ್ಟು ಹೋಗ್ತಾರೆ. ಅದಕ್ಕೇ ಬರೆದೇ ಬಿಡ್ತೀನಿ ಅಂತ ಕೂತೆ.

ಮೊದ್ಲು ಯಾರ್ಯಾರು ಅಂತ ಹೇಳ್ಬಿಡ್ತೀನಿ ತಾಳಿ. ನಾನು, ಸೋಮವಾರಪೇಟೆ ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ. ಜೀಪಣ್ಣ, ಬೆಳಿಗ್ಗೆ ಆಳುಗಳನ್ನ ಎಸ್ಟೇಟಿಗೆ ಬಿಟ್ಟು, ಆಮೇಲೆ ಹೋಂಸ್ಟೇ ಗೆಸ್ಟುಗಳನ್ನ ಬೆಟ್ಟ ಹತ್ತಿಸೋನು. ರೈಟರ್, ಎಸ್ಟೇಟಲ್ಲಿ ಹಾಜರಿ ಬರೆಯೋನು. ಆಮೇಲೆ ಪಿಟಿ ಟೀಚರ್, ಹಾಕಿ ಬಿಟ್ರೆ ಬೇರೆ ಆಟಾನೇ ಅಲ್ಲ ಅನ್ನೋಳು. ಡಬ್ಬ ಯಾವ್ದು ಅಂದ್ರೆ, ಯಾರೋ ಅಮೆರಿಕದ ಗೆಸ್ಟು ಹೋಂಸ್ಟೇಲಿ ಬಿಟ್ಟು ಹೋಗಿದ್ದ ಬೇಸ್‌ಬಾಲ್ ಆಟ. ಮೇಜಿನ ಮೇಲೆ ಆಡೋದು! ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು, ಅವನ್ನ ಹಂಚ್ಕೊಂಡು ನಮಗೆ ಒಂದೊಂದು ಟೀಮು. ಮೂರು ದಾಳ ಹಾಕ್ಬೇಕು. ಬಿಳಿ ದಾಳದಲ್ಲಿ ಒಂದು, ಎರಡು, ಮೂರು ಬಿದ್ರೆ ಹೊಡೆಯೋನ ಕಾರ್ಡಲ್ಲಿ ಆ ನಂಬರಿನ ಸಾಲು ನೋಡ್ಬೇಕು. ನಾಲ್ಕು, ಐದು, ಆರು ಬಿದ್ರೆ ಎಸೆಯೋನ ಕಾರ್ಡು. ಕೆಂಪು ದಾಳ ಎರಡನ್ನೂ ಕೂಡಿಸಿದ್ರೆ ಔಟಾ, ರನ್ನಾ ಅಂತ ಗೊತ್ತಾಗತ್ತೆ. ಅಷ್ಟೇ!

ನಮ್ಮಲ್ಲಿ ಯಾರೂ ಬೇಸ್‌ಬಾಲ್ ನೋಡಿಲ್ಲ. ಒಬ್ರೂ! ಮೊಬೈಲಲ್ಲಿ ನೋಡೋಣ್ವಾ ಅಂದ್ರೆ ರೈಟರ್, "ಬೇಡ ಮಾರಾಯ್ತಿ, ನೋಡಿದ್ರೆ ನಾವು ಆಡ್ತಾ ಇರೋದು ತಪ್ಪು ಅಂತ ಗೊತ್ತಾಗ್ಬಿಡತ್ತೆ" ಅಂತಾನೆ.

ಹಂಗಂತ ತಮಾಷೆ ಅಂದ್ಕೋಬೇಡಿ, ಇದ್ರಲ್ಲಿ ಭಯಂಕರ ಪಣ ಇದೆ. ವರ್ಷ ಪೂರ್ತಿ ಆಡಿ, ಯಾರು ಕೊನೇಗೆ ಬರ್ತಾರೋ ಅವ್ರು ಫಸ್ಟ್ ಬಂದವ್ರ ತೋಟದಲ್ಲಿ ಒಂದು ದಿನ ಕಾಫಿ ಕುಯ್ಯಬೇಕು. ಈಗ ಕುಯ್ಲಿಗೆ ಆಳೇ ಸಿಗಲ್ವಲ್ಲ, ರೈಟರ್ ತಲೆಗೆ ಹೊಳೆದ ಐಡಿಯಾ ಇದು. ಎರಡು ವರ್ಷಾನೂ ಫಸ್ಟು ಅವನೇ, ಎರಡು ವರ್ಷಾನೂ ಲಾಸ್ಟು ನಾನೇ! ಅವನ ಒಂದೆಕರೆ ರೊಬಸ್ಟಾದಲ್ಲಿ ಕೆಂಜಿರುವೆ ಹೆಂಗಿದೆ ಅಂದ್ರೆ, ಹೋದ್ಸಲ ನಾನು ಕುಯ್ದಿದ್ದು ಒಂದು ಬಕೆಟ್ಟು, ಕುಣಿದಿದ್ದು ಇಡೀ ದಿನ. ಮೂರನೇ ವರ್ಷ ಮಾತ್ರ ಸತ್ರೂ ಲಾಸ್ಟ್ ಬರಲ್ಲ ಅಂತ ಶಪಥ ಮಾಡಿದ್ದೆ.

ತಲೆ ಸ್ನಾನ

ಜೀಪಣ್ಣನ ಟೀಮಲ್ಲಿ ಒಬ್ಬ ಇದ್ದಾನೆ. ದಪ್ಪ ಮೀಸೆ, ಫೋಟೋದಲ್ಲಿ ಒಂದು ಕೆನ್ನೆ ಊದ್ಕೊಂಡಿದೆ. ನಾವೆಲ್ಲ ಹಲ್ಲುನೋವು ಅಂದ್ಕೊಂಡಿದ್ವಿ. ಜೀಪಣ್ಣನ ಅವ್ವ ಕಾರ್ಡ್ ಕೈಗೆ ತಗೊಂಡ್ರು, ಒಂದೇ ಸಲ ನೋಡಿದ್ರು, "ಎಂಥ ಹಲ್ಲುನೋವು? ಬಾಯ್ತುಂಬ ಎಲೆಅಡಿಕೆ ಹಾಕಿದಾನೆ. ನಮ್ ಕಡೆಯವ್ನೇ" ಅಂದ್ಬಿಟ್ರು. ಅವತ್ತಿಂದ ಅವನ ಹೆಸ್ರು ಅಡಿಕೆ. ಜೀಪಣ್ಣಂಗೆ ಅಡಿಕೆ ಅಂದ್ರೆ ಪ್ರಾಣ. ಕಾರ್ಡನ್ನ ಜೀಪಲ್ಲೇ ಇಟ್ಕೊಂಡು ತಿರುಗ್ತಾನೆ.

ಒಂದಿನ ಜೀಪಲ್ಲಿ ಅಮೆರಿಕದ ಗಂಡಹೆಂಡ್ತಿ. ಇವನು ಬಿಡ್ತಾನಾ? ಕಾರ್ಡ್ ತೆಗೆದು ತೋರಿಸಿ ತನಗೆ ಬರೋ ಇಂಗ್ಲಿಷಲ್ಲಿ, "ಇವ್ರು ಹೆಂಗಿದಾರೆ? ಈಗ ಎಲ್ಲಿ ಆಡ್ತಾರೆ?" ಅಂತ ಕೇಳಿದ್ದಾನೆ. ಆ ಗಂಡಸು ಕಾರ್ಡ್ ನೋಡಿ, "ಇವನ ಆಟ ನೋಡಿದ್ದು ನಮ್ಮಜ್ಜ. ನಾನು ಹುಟ್ಟೋಕೂ ಮೊದ್ಲೇ ಇವನು ತೀರ್ಕೊಂಡ" ಅಂದಿದ್ದಾನೆ.

ಜೀಪಣ್ಣ ಗಕ್ಕನೆ ಬ್ರೇಕ್ ಹಾಕ್ದ. ಹಿಂದೆ ಕೂತಿದ್ದ ಹೆಂಗಸು, "ಆನೆನಾ? ಆನೆ ಬಂತಾ?" ಅಂತ ಕಿರುಚಿದ್ಳಂತೆ.

"ಆನೆ ಅಲ್ಲ ಮೇಡಂ. ಅಡಿಕೆ ಹೋಗ್ಬಿಟ್ಟ."

ಅವರನ್ನ ಹೋಂಸ್ಟೇಗೆ ಬಿಟ್ಟೋನೇ ಸೀದಾ ಮನೆಗೆ ಹೋಗಿ ತಲೆ ಮೇಲೆ ನೀರು ಹುಯ್ಕೊಂಡಿದ್ದಾನೆ! ಸಾಯಂಕಾಲ ಆಟಕ್ಕೆ ಬಾ ಅಂದ್ರೆ ಒದ್ದೆ ತಲೇಲಿ ಬಂದು ಮೂಲೇಲಿ ಕೂತ. ರೈಟರ್‌ಗೆ ಸಿಟ್ಟು.

"ಲೋ, ಅವನು ಸತ್ತು ಯಾವ ಕಾಲ ಆಯ್ತೋ?"

"ಸುದ್ದಿ ಬಂದಿದ್ದು ಇವತ್ತಲ್ವಾ? ಕೇಳಿದ ದಿನದಿಂದಾನೇ ಲೆಕ್ಕ."

"ಸರಿ, ನಾಳೆ ಆಡಿಸ್ತೀಯಾ ಅವನನ್ನ?"

"ಹನ್ನೊಂದು ದಿನ ಕಳೀಲಿ."

ಇನ್ನೇನ್ ಮಾಡೋದು, ಮ್ಯಾಚ್ ಮುಂದಕ್ಕೆ ಹಾಕಿದ್ವಿ. ಪಿಟಿ ಟೀಚರ್ ಡಬ್ಬದೊಳಗಿದ್ದ ಮಿಕ್ಕಿದ ಕಾರ್ಡುಗಳನ್ನ ಒಂದ್ಸಲ ನೋಡಿ ಮೆತ್ತಗೆ ಹೇಳಿದ್ಳು, "ಇವ್ರ ಬಗ್ಗೆ ಮಾತ್ರ ಯಾರನ್ನೂ ವಿಚಾರಿಸ್ಬೇಡಿ. ಆಮೇಲೆ ಟೀಮಿಗೆ ಜನಾನೇ ಇರಲ್ಲ."

ಬೇಕರಿ ಅಣ್ಣನ ಕಾರ್ಡು

ನಂಗೆ ಸುಮ್ನೆ ಇರೋಕೆ ಬರತ್ತಾ? ಅಂಗಡೀಲಿ ಪ್ರಿಂಟರ್ ಇದೆ, ದಪ್ಪ ಪೇಪರ್ ಇದೆ. ನಮ್ಮೂರ ಟೆನಿಸ್ ಬಾಲ್ ಕ್ರಿಕೆಟ್ ಟೀಮಿನೋರಿಗೇ ಕಾರ್ಡ್ ಮಾಡಿಬಿಟ್ಟೆ, ಫೋಟೋ ಸಮೇತ! ಬ್ಯಾಟಿಂಗ್ ಹೆಂಗೆ, ಓಟ ಹೆಂಗೆ, ಕ್ಯಾಚ್ ಹೆಂಗೆ, ಎಲ್ಲಾ ಹಾಕ್ದೆ. ಗುಟ್ಟಾಗಿಟ್ಟಿದ್ದೆ. ಸಂತೆ ದಿನ ಒಣಗಲಿ ಅಂತ ಕೌಂಟರ್ ಮೇಲೆ ಹರಡಿದ್ದೇ ತಪ್ಪಾಗೋಯ್ತು.

ಮಧ್ಯಾಹ್ನಕ್ಕೆಲ್ಲ ಊರಿಗೇ ಗೊತ್ತು. ಮೊದ್ಲು ಬಂದಿದ್ದು ಓಪನಿಂಗ್ ಬ್ಯಾಟ್ಸ್‌ಮನ್, ಬೇಕರಿ ಅಣ್ಣ. ಬರಿಗೈಲಿ ಬರ್ಲಿಲ್ಲ, ನಾಲ್ಕು ಎಗ್ ಪಫ್ಸ್ ತಂದಿದ್ರು.

"ಏನಮ್ಮಾ, ನಂದು ಓಟ 'ನಿಧಾನ' ಅಂತ ಹಾಕಿದ್ದೀಯಂತೆ?"

"ಅಣ್ಣ, ಹೋದ ಮ್ಯಾಚಲ್ಲಿ ನೀವು ಒಂದು ರನ್ ಓಡೋದ್ರೊಳಗೆ ಆ ಕಡೆಯೋನು ಎರಡು ಓಡಿದ್ನಲ್ಲ."

"ಅವತ್ತು ಚಪ್ಪಲಿ ಕಿತ್ತೋಗಿತ್ತು! 'ಸುಮಾರು' ಅಂತ ಮಾಡು. ತಗೋ, ಪಫ್ಸ್ ಬಿಸಿ ಇದೆ."

ನಿಜ ಹೇಳ್ಬೇಕಾ? ಬಿಸಿ ಪಫ್ಸ್ ಮುಂದೆ ನನ್ನ ನ್ಯಾಯ ನಿಲ್ಲಲ್ಲ. 'ಸುಮಾರು' ಅಂತ ಮಾಡಿ ಪ್ರಿಂಟ್ ಕೊಟ್ಟೆ. ಅವ್ರು ಅದನ್ನ ಬೇಕರಿ ಗಾಜಿಗೆ ಅಂಟಿಸ್ಕೊಂಡ್ರು. ಅರ್ಧ ಗಂಟೆ ಆಗಿಲ್ಲ, ಬೇಕರಿ ಅಕ್ಕ ಆ ಕಾರ್ಡ್ ಕಿತ್ಕೊಂಡು ನಮ್ಮಂಗಡಿಗೆ ಬಂದ್ರು. ನಾನು ಅಂದ್ಕೊಂಡೆ, ಗಂಡಂಗೆ ಇನ್ನೂ ಜಾಸ್ತಿ ಕೇಳೋಕೆ ಬಂದಿದಾರೆ ಅಂತ.

"ಇದ್ಯಾವ ನ್ಯಾಯ? ಇವರಿಗೆ ಕ್ಯಾಚ್ 'ಉತ್ತಮ' ಅಂತ ಹಾಕಿದ್ದೀಯಲ್ಲ?"

"ಗ್ರೌಂಡಲ್ಲಿ ಚೆನ್ನಾಗೇ ಹಿಡೀತಾರಕ್ಕಾ."

"ಹೌದಾ? ಮನೇಲಿ ಮಗೂನ ಒಂದ್ನಿಮಿಷ ಹಿಡ್ಕೊಳ್ರೀ ಅಂದ್ರೆ ಕೈಯೇ ಬರಲ್ಲ ಆ ಮನುಷ್ಯಂಗೆ. 'ಇಲ್ಲ' ಅಂತ ಹಾಕು!"

ಕುಟ್ಟದ ಚೇಚಿ

ಈ ವರ್ಷ ಪಿಟಿ ಟೀಚರ್‌ಗೆ ಕುಟ್ಟಕ್ಕೆ ವರ್ಗ ಆಯ್ತು. ಕುಟ್ಟ ಅಂದ್ರೆ ಜಿಲ್ಲೆಯ ಆ ತುದಿ, ನಾವು ಈ ತುದಿ. ಲೀಗ್ ಮುಗೀತು ಅಂತ ನಾನು ಅಳೋದೊಂದು ಬಾಕಿ. ಅವಳು ಬಿಡ್ಲಿಲ್ಲ. ಅರ್ಧ ಕಾರ್ಡೂ ಇನ್ನೊಂದು ಸೆಟ್ ದಾಳಾನೂ ತಗೊಂಡೋದ್ಳು, ವಿಡಿಯೋ ಕಾಲಲ್ಲಿ ಆಟ. ಆದ್ರೆ ಅವಳ ರೂಮಲ್ಲಿ ನೆಟ್‌ವರ್ಕಿಲ್ಲ. ಬಸ್ ನಿಲ್ಲೋ ಜಾಗದಲ್ಲಿ, ಸಿಮೆಂಟ್ ಬೆಂಚಿನ ಎಡಗಡೆ ತುದೀಲಿ ಮಾತ್ರ ಸಿಗತ್ತೆ. ಅಲ್ಲೇ ಕೂತು ದಾಳ ಹಾಕೋಳು. ಎರಡು ಕೈಯಲ್ಲಿ ಫೋನು, ಕಾರ್ಡು, ಛತ್ರಿ. ದಾಳ ಹಾಕೋಕೆ ಕೈಯೆಲ್ಲಿದೆ?

ಪಕ್ಕದಲ್ಲಿ ಮೀನು ಮಾರೋ ಮಲಯಾಳಿ ಅಕ್ಕ, ಎಲ್ಲಾರಿಗೂ ಚೇಚಿ, ಬಸ್ಸಿಗೆ ಕಾಯ್ತಾ ಇದ್ರು. "ಎಂದಾ ಮೋಳೇ ಇದ್?" ಅಂತ, ಏನು ಮಗಳೇ ಇದು ಅಂತ ಕೇಳಿದ್ರು. ಟೀಚರ್, "ಚೇಚಿ, ಇದನ್ನ ಒಂಚೂರು ಹಾಕಿ" ಅಂತ ದಾಳ ಕೊಟ್ಳು.

ಚೇಚಿ ಹಾಕಿದ್ರು. ಹೋಮ್ ರನ್! ಅಂದ್ರೆ ನಮ್ ಸಿಕ್ಸರ್ ಇದ್ದಂಗೆ, ಹೊಡೆದೋನಿಗೂ ದಾರೀಲಿ ಬೇಸಲ್ಲಿ ನಿಂತವ್ರಿಗೂ ಒಂದೊಂದು ರನ್. ಮತ್ತೆ ಹಾಕಿದ್ರು. ಮತ್ತೆ ಹೋಮ್ ರನ್! ಅಷ್ಟೊತ್ತಿಗೆ ಬಸ್ ಬಂತು. ಚೇಚಿ ಎದ್ರೆ ಟೀಚರ್ ಅವ್ರ ಬುಟ್ಟಿ ಹಿಡ್ಕೊಂಡ್ಳು. ಕಂಡಕ್ಟರ್ ಇಳಿದು ಬಂದೋನು ಬೈತಾನೆ ಅಂದ್ಕೊಂಡ್ರೆ, "ಎಷ್ಟು ಔಟಾಗಿದೆ?" ಅಂತ ಕೇಳ್ಬೇಕಾ!

"ಎರಡು."

"ಹಂಗಾದ್ರೆ ಇನ್ನೊಂದೇ ತಾನೇ, ಹಾಕಿ ಚೇಚಿ, ಆಮೇಲೆ ರೈಟ್ ಹೇಳ್ತೀನಿ."

ಇಡೀ ಬಸ್ಸು ಕಿಟಕೀಲಿ! ಚೇಚಿಗೆ ಔಟೇ ಬೀಳಲ್ಲ. ಬಸ್ಸೂ ಹೋಗಲ್ಲ. ಕೊನೆಗೆ ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ತಾನೇ ಇಳಿದು ಬಂದು ದಾಳ ಕಿತ್ಕೊಂಡು ಹಾಕ್ದ. ಔಟ್! ಬಸ್ ಹೊರಡ್ತು.

ಮೋಸ ಇದು, ನಿನ್ನ ದಾಳ ನೀನೇ ಹಾಕ್ಬೇಕು ಅಂತ ನಾನು ಇಲ್ಲಿಂದ ಕೂಗ್ಕೊಂಡೆ. ಟೀಚರ್ ಅಲ್ಲಿಂದ ನಿಧಾನಕ್ಕೆ, "ರೂಲ್ ಬುಕ್ಕಲ್ಲಿ ಬದಲಿ ಆಟಗಾರನ್ನ ಇಳಿಸ್ಬಹುದು ಅಂತ ಇದೆ. ಅವ್ನು ಮೀನು ಮಾರ್ಬಾರ್ದು ಅಂತ ಎಲ್ಲೂ ಇಲ್ಲ" ಅಂದ್ಳು.

ಕಣ

ಚೇಚಿ ದಯೆಯಿಂದ ಟೀಚರ್ ಸೆಕೆಂಡ್ ಬಂದ್ಳು. ಫಸ್ಟು ಯಥಾಪ್ರಕಾರ ರೈಟರ್. ಕೊನೇ ಜಾಗಕ್ಕೆ ನಾನೂ ಜೀಪಣ್ಣಾನೂ ಸಮ ಸಮ! ಒಂದೇ ಮ್ಯಾಚ್ ಉಳಿದಿತ್ತು, ಸೋತವ್ರು ರೈಟರ್ ತೋಟಕ್ಕೆ. ಹಿಂದಿನ ದಿನ ನಂಗೆ ಅನ್ನ ಸೇರ್ಲಿಲ್ಲ, ಮೈಮೇಲೆ ಕೆಂಜಿರುವೆ ಹರಿದಂಗೇ ಆಗೋದು.

ಭಾನುವಾರ ಬೆಳಿಗ್ಗೆ ಜೀಪಣ್ಣನ ಮನೇಲಿ ಆಟ. ಟೀಚರ್ ಕೂಡ ರಜಕ್ಕೆ ಬಂದಿದ್ಳು. ಮನೆ ಮುಂದಿನ ಕಣದ ತುಂಬ ಅವ್ವ ಕಾಫಿ ಹಣ್ಣು ಒಣಗೋಕೆ ಹರಡಿದ್ರು. ಪಕ್ಕದ ಜಗಲಿ ಮೇಲೆ ನಾವು. ಕೊನೇ ಇನ್ನಿಂಗ್ಸು, ಇನ್ನೊಂದು ಔಟಾದ್ರೆ ನನ್ನ ಕತೆ ಮುಗೀತು. ಒಂದು ರನ್ ಹಿಂದಿದ್ದೀನಿ, ಬೇಸಲ್ಲಿ ಒಬ್ಬ ನಿಂತಿದ್ದಾನೆ. ದೇವ್ರೇ ಅಂತ ಎಸೆದೆ. ಭಯಕ್ಕೆ ಜೋರಾಗಿ ಎಸೆದ್ಬಿಟ್ಟೆ!

ಕೆಂಪು ಎರಡೂ ಜಗಲೀಲೇ ನಿಂತ್ವು. ಆರು, ಐದು. ಹನ್ನೊಂದು! ನನ್ನ ಹೊಡೆಯೋನ ಕಾರ್ಡಲ್ಲಿ ಮೂರು ಸಾಲಲ್ಲೂ ಹನ್ನೊಂದಕ್ಕೆ ಹೋಮ್ ರನ್. ಜೀಪಣ್ಣನ ಎಸೆಯೋನ ಕಾರ್ಡಲ್ಲಿ ಮೂರು ಸಾಲಲ್ಲೂ ಹನ್ನೊಂದಕ್ಕೆ ಔಟ್. ಎಲ್ಲಾ ಆ ಬಿಳಿ ದಾಳದ ಕೈಲಿ. ಅದು ಜಗಲಿಯಿಂದ ಹಾರಿ ಅಂಗಳಕ್ಕೆ ಬಿತ್ತು. ನಾವು ಬಗ್ಗಿ ನೋಡೋದ್ರೊಳಗೆ ಒಂದು ಕೆಂಪು ಹ್ಯಾಟೆ ಕೋಳಿ ಬಂದು ಗಬಕ್ಕಂತ ಕೊಕ್ಕಲ್ಲಿ ಕಚ್ಕೊಂಡು ಓಡ್ತು! ಮಿಕ್ಕಿದ ಕೋಳಿಗಳು ಏನೋ ಸಿಕ್ಕಿದೆ ಅಂತ ಅದರ ಹಿಂದೆ. ಅವುಗಳ ಹಿಂದೆ ನಾವು. ಕಣದ ಮಧ್ಯೆ ಹೋಗಿ ಹ್ಯಾಟೆ ದಾಳಾನ ಬೀಳಿಸ್ತು, ಕಾಫಿ ಹಣ್ಣಿನೊಳಗೆ ಎಲ್ಲೋ ಸೇರ್ಕೊಂಡ್ತು.

ಜೀಪಣ್ಣ ನುಗ್ಗೋಕೆ ಹೋದ. ರೈಟರ್ ಅವನ ಕಾಲರ್ ಹಿಡಿದು, "ಯಾರೂ ಕಾಲಿಡ್ಬೇಡಿ! ದಾಳ ಈಗ ನಿಂತಿದೆ. ಹೆಂಗೆ ನಿಂತಿದೆಯೋ ಅದೇ ನಂಬರು" ಅಂದ.

"ಕೋಳಿ ಹಾಕಿದ ದಾಳ ಹೆಂಗೋ ಲೆಕ್ಕ?" ಅಂದ ಜೀಪಣ್ಣ.

"ಮೀನಿನ ಚೇಚಿ ಹಾಕಿದ್ದು ಲೆಕ್ಕ ಅಂದ್ರೆ, ಕೋಳಿ ಹಾಕಿದ್ದೂ ಲೆಕ್ಕ" ಅಂದ್ಳು ಟೀಚರ್.

ಸರಿ, ನಾಲ್ಕೂ ಜನ ಮಂಡಿ ಊರಿ ಕೂತ್ವಿ. ದಾಳ ಅಲುಗಾಡ್ಬಾರ್ದಲ್ಲ, ಒಂದೊಂದೇ ಹಣ್ಣು ಎತ್ತಿ ಪಕ್ಕಕ್ಕೆ ಇಡೋದು. ಒಂದೊಂದೇ! ಅವ್ವ ಬಾಗಿಲಲ್ಲಿ ನಿಂತು ನೋಡಿದ್ರು. "ಏನ್ರೋ, ಇವತ್ತು ಇಷ್ಟು ಒಳ್ಳೇ ಬುದ್ಧಿ? ಹಂಗೇ ಕಲ್ಲು, ಕಡ್ಡಿ ಇದ್ರೆ ತೆಗೆದುಬಿಡಿ" ಅಂತ ಒಳಗೋದ್ರು. ತೆಗೆದ್ವಿ! ಬಿಸಿಲು ನೆತ್ತಿಗೆ ಬಂತು. ದಾಳ ಸಿಗ್ಲಿಲ್ಲ.

ಆಮೇಲೆ ಅವ್ವ ಕಾಫಿ ಎಳೆಯೋ ಹಲಗೆ ಹಿಡ್ಕೊಂಡು ಬಂದ್ರು. "ಏಳಿ, ತಿರುವಿ ಹಾಕ್ಬೇಕು." ನಾವು ಬೇಡ ಬೇಡ ಅನ್ನೋದ್ರೊಳಗೆ ಒಂದೇ ಸಲ ಬಗ್ಗಿದ್ರು, ಏನೋ ಹೆಕ್ಕಿದ್ರು, ಅಂಗೈ ತೋರಿಸಿ, "ಇದನ್ನಾ ಹುಡುಕ್ತಿದ್ದದ್ದು?" ಅಂದ್ರು.

ಬಿಳಿ ದಾಳ! "ಅಯ್ಯೋ!" ಅಂತ ನಾಲ್ಕೂ ಜನ ಒಟ್ಟಿಗೇ ಕಿರುಚಿದ್ವಿ.

ರೈಟರ್ ಕೈ ಮುಗಿದು ಕೇಳ್ದ, "ಅವ್ವ, ಎತ್ತೋ ಮುಂಚೆ ಮೇಲ್ಗಡೆ ಎಷ್ಟು ಚುಕ್ಕೆ ಇತ್ತು, ನೋಡಿದ್ರಾ?"

"ಯಾಕೆ?"

ಪಣದ ಕತೆಯೆಲ್ಲ ಹೇಳಿದ್ವಿ. ಅವ್ವ ಪೂರ್ತಿ ಕೇಳಿ, "ಎಷ್ಟಿದ್ರೆ ನನ್ ಮಗ ಹೋಗ್ಬೇಕು ಕುಯ್ಯೋಕೆ?" ಅಂದ್ರು.

"ಒಂದು, ಎರಡು, ಮೂರು ಇದ್ರೆ ನಾನು ಹೋಗ್ಬೇಕು ಅವ್ವ. ನಾಲ್ಕು, ಐದು, ಆರಾದ್ರೆ ಇವ್ಳು" ಅಂತ ಜೀಪಣ್ಣ ಹಲ್ಲು ಕಿಸೀತಾ, ಬೆರಳಲ್ಲಿ ನಾಲ್ಕು ತೋರಿಸ್ತಾ ಹೇಳ್ದ. ಯಾವ ತಾಯಿ ಮಗನ್ನ ಬಿಟ್ಟು ಜೆರಾಕ್ಸ್ ಅಂಗಡಿಯೋಳನ್ನ ಉಳಿಸ್ತಾಳೆ?

ಅವ್ವ ಮಗನ್ನ ನೋಡಿದ್ರು. ಮನೆ ಹಿಂದೆ ಗಿಡದಲ್ಲೇ ಹಣ್ಣಾಗಿ ಉದುರ್ತಾ ಇದ್ದ ತೋಟ ನೋಡಿದ್ರು. ದಾಳಾನ ಸೆರಗಲ್ಲಿ ಒರೆಸಿ ನನ್ನ ಕೈಗಿಟ್ರು.

"ಎರಡಿತ್ತು."

"ಅವ್ವಾ! ನಿಂಗೆ ಕನ್ನಡಕ ಇಲ್ದೆ ಬಸ್ಸಿನ ಬೋರ್ಡೇ ಕಾಣಲ್ಲ, ಇಷ್ಟು ಸಣ್ಣ ಚುಕ್ಕೆ ಹೆಂಗೆ ಕಾಣ್ತು?"

"ನಿನ್ ಕಣ್ಣು ಚೆನ್ನಾಗೇ ಇದ್ಯಲ್ಲ, ನಮ್ ತೋಟದ ಹಣ್ಣು ಕಾಣ್ತಾ ನಿಂಗೆ? ಹೋಗು, ರೈಟರ್ ತೋಟದಲ್ಲಿ ಒಂದಿನ ಅಭ್ಯಾಸ ಮಾಡ್ಕೊಂಡ್ ಬಾ. ಮಾರನೇ ದಿನದಿಂದ ನಮ್ದು ಶುರು."