ಹರಿಹರಕ್ಕೆ ಹೊರಟ ಕೌದಿ ಮೆರವಣಿಗೆ

ಜನರನ್ನು ಒಗ್ಗೂಡಿಸುವ ಶಕ್ತಿ ಇಡೀ ದಾವಣಗೆರೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೊಬ್ಬನಿಗೇ ಎಂದು ಆ ಚಳಿಗಾಲದಲ್ಲಿ ನಾನು ನಂಬಿದ್ದೆ. ಹತ್ತಿ ಗಿರಣಿಯ ಗುಮಾಸ್ತ ಹದಡಿ ಜಂಬಯ್ಯ ಬಾಯಿ ತೆರೆದರೆ ಸಾಕು, ಊರಿಗೆ ಊರೇ ಹಿಂದೆ ಬರಬೇಕು! ಬಂತು ಕೂಡ. ಆದರೆ ಹೇಗೆ ಬಂತು ಎಂದು ಹೇಳುವುದಕ್ಕೇ ನಾಚಿಕೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಕೊಟ್ರವ್ವ ಹೇಳುತ್ತಾಳೆ, ಅವಳು ಹೇಳಿದರೆ ಇನ್ನೂ ಉದ್ದವಾಗುತ್ತದೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ಕೊಟ್ರವ್ವನ ತಂಗಿ ನೀಲಕ್ಕ ಹರಿಹರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಅವಳನ್ನು ನೋಡಿಕೊಂಡು ಬಂದ ದಿನ ಕೊಟ್ರವ್ವನಿಗೆ ಊಟವೇ ಸೇರಲಿಲ್ಲ.

"ಹೊಳಿ ದಂಡ್ಯಾಗೆ ಎಂಥಾ ಚಳಿ ಅಂತೀರಿ! ಬಾಣಂತ್ಯಾರು ಗೋಣಿಚೀಲ ಹೊದ್ಕೊಂಡು ಮಲಗ್ಯಾರೆ. ಹಸುಗೂಸು ಗಡಗಡ ನಡುಗ್ತಾವೆ ರೀ. ಓಣ್ಯಾಗೆ ಒಂದಿಷ್ಟು ಹಳೇ ಕೌದಿ ಕೇಳಿ ಕೂಡಿಸ್ತೀನಿ. ನಾಳೆ ಬಸ್ಸಿನ ಮ್ಯಾಲೆ ಹಾಕಿ ಕಳಿಸಿಬಿಡ್ರಿ."

"ಬಸ್ಸಿನ ಮ್ಯಾಲಾ?" ನಾನು ಎದ್ದೇ ನಿಂತೆ. "ಸೇವೆ ಅಂದ್ರೆ ಏನು ಟಾಪಿನ ಮ್ಯಾಲೆ ಹೋಗೋ ಸಾಮಾನೇನೇ? ತಲಿ ಮ್ಯಾಲೆ ಹೊತ್ಕೊಂಡು ನಡೀಬೇಕು! ದಾರ್ಯಾಗಿನ ಜನ ನೋಡ್ಬೇಕು, ಅವರ ಮನಸು ಕರಗ್ಬೇಕು, ತಾವೂ ಬಂದು ಸೇರ್ಬೇಕು!"

"ನೀವು ಮನಸು ಕರಗಿಸೋದ್ರೊಳಗೆ ಬಸ್ಸು ಹೋಗಿ ತಿರುಗಿ ಬಂದಿರ್ತೈತೆ."

"ಬಸ್ಸಿಗೆ ಹೃದಯ ಐತೇನೇ?"

"ಗಾಲಿ ಅದಾವೆ."

ಇಂಥ ಮಾತಿಗೆಲ್ಲ ಅಂಜುವ ಕುಳವೇ ನಾನು? ಒಳ್ಳೆಯ ಖಾದಿ ಬಟ್ಟೆ ತಂದು ಬೋರ್ಡು ಬರೆಯುವವನಿಂದ ಕೆಂಪು ಬಣ್ಣದಲ್ಲಿ 'ಸೇವಾ ನಡಿಗೆ' ಎಂದು ಬರೆಸಿದೆ. ಕೆಳಗೆ 'ನಾಯಕರು: ಹದಡಿ ಜಂಬಯ್ಯ'. ಕೊಟ್ರವ್ವ ಅದನ್ನು ಆ ತುದಿಯಿಂದ ಈ ತುದಿಗೆ ನಡೆದೇ ಓದಿದಳು.

"ಕೌದಿ ಸುದ್ದಿ ಇಲ್ಲ, ಬಾಣಂತ್ಯಾರ ಸುದ್ದಿ ಇಲ್ಲ. ನಿಮ್ಮ ಹೆಸರು ಮಾತ್ರ ಎಮ್ಮಿಯಷ್ಟು ಐತೆ!"

ಒಂದು ಗುಟ್ಟು ಮಾತ್ರ ಅವಳಿಗೆ ಹೇಳಿರಲಿಲ್ಲ. ನಾಯಕನಾದವನು ಹರಕು ಕೌದಿ ಹೊತ್ತರೆ ಶೋಭೆಯೇ? ನಮ್ಮ ಅತ್ತೆ ಒಂದಿಡೀ ಬೇಸಿಗೆ ಕೂತು ಹೊಲಿದುಕೊಟ್ಟ, ನೆಂಟರಿಗೂ ನಾನು ಮುಟ್ಟಗೊಡದ ನನ್ನ ಸ್ವಂತ ಕೌದಿಯನ್ನೇ ತಲೆಯ ಮೇಲಿಟ್ಟೆ. ಬೆಳಿಗ್ಗೆ ಮೆರೆಸುವುದು, ಸಂಜೆ ಸದ್ದಿಲ್ಲದೆ ವಾಪಸು ತರುವುದು ನನ್ನ ಯೋಜನೆ. ಅದಿಲ್ಲದೆ ನನಗೆ ನಿದ್ದೆಯೇ ಹತ್ತುವುದಿಲ್ಲ.

ಭಾನುವಾರ ಬೆಳಿಗ್ಗೆ ಇಡೀ ಗಿರಣಿಯೇ ಬರುತ್ತೇನೆಂದಿತ್ತು. ಬಂದವರು ನನ್ನ ಪಕ್ಕದ ಮೇಜಿನ ರೇವಣ್ಣ ಮತ್ತು ಅವನು ಹಾಸಿಗೆಯಿಂದ ಎಬ್ಬಿಸಿ ತಂದ ಬೆರಳೆಣಿಕೆಯ ಜನ. ಕೊಟ್ರವ್ವ ಓಣಿಯಲ್ಲಿ ಕೂಡಿಸಿದ ಕೌದಿಗಳು ಗಂಟುಗಳಾಗಿ ಒಬ್ಬೊಬ್ಬರ ತಲೆಗೂ ಏರಿದವು. "ನಾನು ಬಸ್ಸಿಗೆ ಹೋಗಿ ನೀಲಕ್ಕನ ಹತ್ರ ಇರ್ತೀನಿ. ಬಿಸಿಲಿಳಿಯೋದ್ರೊಳಗೆ ಕೌದಿ ಮುಟ್ಟಿಸ್ರಿ, ರಾತ್ರಿ ಕೂಸಿನ ಮೈಮ್ಯಾಲೆ ಇರ್ಬೇಕು" ಎಂದು ಎಚ್ಚರಿಸಿ ಕೊಟ್ರವ್ವ ಹೋದಳು.

ಪಿ.ಬಿ. ರಸ್ತೆಯ ಲಾರಿಗಳು ಎಬ್ಬಿಸಿದ ಧೂಳಿಗೆ ನಾವೆಲ್ಲ ಮೂಗು ಬಾಯಿ ಮುಚ್ಚುವಂತೆ ವಸ್ತ್ರ ಕಟ್ಟಿಕೊಂಡೆವು. ಸಮಾರಂಭಕ್ಕೆಂದು ಕೊಂಡ ಹೊಸ ಬೂಟು ಬಾತಿ ಗುಡ್ಡ ಬರುವಷ್ಟರಲ್ಲಿ ನನ್ನ ಹಿಮ್ಮಡಿಯನ್ನು ತಿಂದುಹಾಕಿತ್ತು. ಆದರೂ ನಾಯಕ ಕುಂಟಬಾರದಲ್ಲ! ಬ್ಯಾನರು ಹಿಡಿದವರನ್ನು ಕರೆದುಕೊಂಡು ಮುಂದೆ ನಡೆದೆ. ರೇವಣ್ಣ ಮಾತ್ರ ನೀರು ಕುಡಿಯಲು ದಾರಿಯ ಹಳ್ಳಿಯೊಂದರಲ್ಲಿ ಕರಿಯವ್ವ ಎಂಬ ಮುದುಕಿಯ ಕಟ್ಟೆಯ ಮೇಲೆ ಕುಸಿದು ಕೂತ. ಅಲ್ಲಿ ನಡೆದ ಮಾತುಕತೆಯನ್ನು ಅವನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

"ಹಾಸಿಗಿ ಹೊತ್ಕೊಂಡು ಎಲ್ಲಿಗೆ ಹೊಂಟೀರಪ್ಪಾ?"

"ಆಸ್ಪತ್ರಿಗೆ ಬೇ."

"ಅಯ್ಯ ಶಿವನೇ! ಎಲ್ರೂನಾ?"

"ಎಲ್ರೂ."

ಮುದುಕಿ ಅವನ ಮೂಗಿಗೆ ಕಟ್ಟಿದ ವಸ್ತ್ರ ನೋಡಿದಳು. ದನಿ ತಗ್ಗಿಸಿದಳು. "ಪ್ಯಾಟ್ಯಾಗೆ ಇಲಿ ಏನರ ಸತ್ತಾವೇನಪ್ಪಾ?"

"ದಿನಾ ಸಾಯ್ತಾವೆ ಬೇ!" ಎಂದ ನಮ್ಮ ರೇವಣ್ಣ. "ಗೋದಾಮಿನಾಗೆ ಪಾಷಾಣ ಇಟ್ಟೀವಿ" ಎನ್ನುವುದನ್ನು ಕೇಳಲು ಮುದುಕಿ ಅಲ್ಲಿರಲಿಲ್ಲ. ಪ್ಲೇಗು ಬಂದು ಊರು ಬಿಟ್ಟ ಕಾಲವನ್ನು ಕಣ್ಣಾರೆ ಕಂಡವಳು ಆಕೆ. "ಪ್ಯಾಟಿಯವ್ರೆಲ್ಲ ಆಸ್ಪತ್ರಿಗೆ ಹೊಂಟಾರೆ, ನಾವೂ ಹೋಗೋಣ ನಡೀರಿ" ಎಂದು ಮನೆಯಿಂದ ಮನೆಗೆ ಓಡಿದ್ದಳು.

ಇದೇನೂ ಗೊತ್ತಿಲ್ಲದ ನಾನು ಸ್ವಲ್ಪ ದೂರ ಹೋಗಿ ತಿರುಗಿ ನೋಡುತ್ತೇನೆ, ರಸ್ತೆಯ ತುಂಬ ಜನ! ಗಂಡಸರು, ಹೆಂಗಸರು, ಎಲ್ಲರ ತಲೆಯ ಮೇಲೂ ಕೌದಿ! ನನ್ನ ಕಣ್ಣಲ್ಲಿ ನೀರು ಬಂತು. ಒಬ್ಬ ಕೋಳಿ ಹಿಡಿದಿದ್ದ. ಬಾಣಂತಿಯರ ಪಥ್ಯಕ್ಕೆ ಇರಬೇಕು, ಎಂಥ ಮುಂದಾಲೋಚನೆ! ಇನ್ನೊಬ್ಬಳು ಆಡು ಎಳೆದು ತರುತ್ತಿದ್ದಳು. ಕೂಸುಗಳಿಗೆ ಹಾಲು! ಮತ್ತೊಬ್ಬ ಒಳಕಲ್ಲನ್ನು ಗಾಡಿಗೆ ಹೇರಿದ್ದ. ಅದು ಯಾತಕ್ಕೆ ಎಂಬುದು ಮಾತ್ರ ಹೊಳೆಯಲಿಲ್ಲ. ಇರಲಿ, ಭಕ್ತಿಯಿಂದ ತಂದದ್ದನ್ನು ಬೇಡ ಎನ್ನಬಾರದು.

ಎಲ್ಲರೂ ನನಗಿಂತ ಬಿರುಸಾಗಿ ನಡೆಯುತ್ತಿದ್ದರು. ಸೇವೆಗೆ ಇಷ್ಟು ಆತುರಪಡುವ ಜನರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ!

ಬಿಸಿಲಿಳಿಯುವ ಹೊತ್ತಿಗೆ ಆ ಪುಟ್ಟ ಆಸ್ಪತ್ರೆಯ ಅಂಗಳ ಕಿಕ್ಕಿರಿದು ಹೋಯಿತು. ಡಾಕ್ಟರಮ್ಮ ಹೊರಗೆ ಓಡಿ ಬಂದರು. "ಯಾರು ಇವರೆಲ್ಲ? ಇಷ್ಟು ಜನಕ್ಕೂ ಹೆರಿಗೇನಾ?"

ನಾನು ಜಗಲಿ ಹತ್ತಿ ನಿಂತೆ. ಬ್ಯಾನರು ಹಿಂದೆ, ನಾನು ಮುಂದೆ. ಕೊಟ್ರವ್ವ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದಳು. ಆಹಾ, ಆ ಕ್ಷಣಕ್ಕಾಗಿಯೇ ಅಲ್ಲವೇ ನಾನು ಬದುಕಿದ್ದು!

"ಮಹನೀಯರೇ! ಮನೆ ಮಠ ಬಿಟ್ಟು ನಿಮ್ಮನ್ನು ಇಲ್ಲಿಯ ತನಕ ನಡೆಸಿದ ಆ ಮಹಾಶಕ್ತಿ ಯಾವುದು?"

"ಪಿಳೇಗು!" ಎಂದಳು ಕರಿಯವ್ವ, ಮುಂದಿನ ಸಾಲಿನಿಂದ.

ಆಮೇಲೆ ಏನಾಯಿತೆಂದು ಕೇಳಬೇಡಿ. ರೇವಣ್ಣ ಬಾವಿಕಟ್ಟೆಯ ಹಿಂದೆ ಅಡಗಿದ. ಕೋಳಿ ತಪ್ಪಿಸಿಕೊಂಡು ನನ್ನ ಬ್ಯಾನರಿನ ಮೇಲೆ ಕೂತಿತು. "ಪಿಳೇಗಿಲ್ಲ, ಏನಿಲ್ಲ, ಬಾಣಂತ್ಯಾರಿಗೆ ಕೌದಿ ತಂದೀವಿ" ಎಂದು ನಾನು ಕೈಮುಗಿದು ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಒಳಕಲ್ಲಿನವನು ಅದನ್ನು ನನ್ನ ತಲೆಯ ಮೇಲೆಯೇ ಹೊರಿಸಿ ಊರಿಗೆ ವಾಪಸು ಕಳಿಸುವುದಾಗಿ ಶಪಥ ಮಾಡಿದ.

"ಕೌದಿ ತಾನೇ?" ಕರಿಯವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಬಸ್ಸಿನ ಮ್ಯಾಲೆ ಹಾಕಿದ್ರೆ ಬರ್ತಿರಲಿಲ್ಲೇನೋ ನಮ್ಮಪ್ಪಾ?"

ನಾನು ಕೊಟ್ರವ್ವನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಅವಳು ಮಾತ್ರ ಕೆಳಗಿಳಿದು ಬಂದು ಮುದುಕಿಯ ಕೈ ಹಿಡಿದಳು. "ಬೈಯೋದು ಇದ್ದೇ ಐತೆ ಅಮ್ಮಾ, ನಾನೂ ಮನ್ಯಾಗೆ ಬೈತೀನಿ. ಇಷ್ಟು ದೂರ ಬಂದೀರಿ, ಒಂದೀಟು ಒಳಗೆ ಬಂದು ಕೂಸುಗಳ್ನ ನೋಡಿ ಹೋಗ್ರಿ."

ಒಳಗೆ ಹೋದ ಕರಿಯವ್ವ ಹೊರಗೆ ಬಂದಳು. ಜಗಲಿಯ ಮೇಲೆ ಕೂತು ತನ್ನ ಗಂಟು ಬಿಚ್ಚಿದಳು. "ಪಿಳೇಗಿನ ಕಾಲಕ್ಕೆ ಹೊಲದ ಗುಡಿಸ್ಲಾಗೆ ನನ್ನ ಚೊಚ್ಚಲ ಮಗನ್ನ ಹಡೆದೆ. ಹೊದಿಸಾಕೆ ಚಿಂದಿ ಬಟ್ಟೀನೂ ಇರಲಿಲ್ಲ. ಪಕ್ಕದ ಗುಡಿಸ್ಲಾಕಿ ತನ್ನ ಕೌದಿ ತಂದು ಹಾಕಿದ್ಲು. ಆಕಿ ಹೆಸರೂ ಕೇಳ್ಲಿಲ್ಲ ನಾನು. ತಗೊಳ್ರವ್ವಾ, ಆ ಮೂಲ್ಯಾಗಿನ ಕೂಸಿಗೆ ಹೊದಿಸ್ರಿ."

ಅಂಗಳದಲ್ಲಿ ಗದ್ದಲ ನಿಂತಿತು. ಒಬ್ಬೊಬ್ಬರಾಗಿ ಹೆಂಗಸರು ಒಳಗೆ ಹೋಗಿ ಬಂದರು, ಒಬ್ಬೊಬ್ಬರಾಗಿ ಗಂಟು ಬಿಚ್ಚಿದರು. ಕೋಳಿಯವನು ಕೋಳಿಯನ್ನೂ ಬಿಟ್ಟು ಹೋದ. ನಾನು ಎಂಥ ಭಾಷಣ ಮಾಡಿದ್ದರೂ ಇದು ಆಗುತ್ತಿರಲಿಲ್ಲ, ನಿಜವಾಗಿ ಹೇಳುತ್ತೇನೆ.

ಎಲ್ಲ ಹಂಚಿ ಮುಗಿಯಿತು, ಊರಿನವರೂ ಹೊರಟುಹೋದರು ಎನ್ನುವಾಗ ನೀಲಕ್ಕ ಹೊರಗೆ ಬಂದಳು. "ಈಗಷ್ಟೇ ಇನ್ನೊಂದು ಕೂಸು ಹುಟ್ಟೈತೆ ಭಾವ. ಕೌದಿ ಒಂದೂ ಉಳಿದಿಲ್ಲ."

ಕೊಟ್ರವ್ವ ನನ್ನ ಹೆಗಲ ಮೇಲಿದ್ದ ಕೌದಿಯ ಕಡೆ ನೋಡಿದಳು.

"ಇದು... ಇದು ಬರೀ ಮೆರವಣಿಗಿಗೆ ತಂದಿದ್ದು ಕಣೇ" ಎಂದೆ.

ಒಳಗಿನಿಂದ ಕೂಸು ಒಂದು ಸಣ್ಣ ಸೀನು ಸೀನಿ ಅಳತೊಡಗಿತು. ಮುಗಿಯಿತು ನನ್ನ ಕಥೆ! ನಾನೇ ಬಾಗಿಲ ತನಕ ಹೋಗಿ ಕೌದಿಯನ್ನು ನೀಲಕ್ಕನ ಕೈಗಿಟ್ಟೆ. ಅವಳು ಹೊದಿಸಿದ್ದೇ ತಡ, ಅಳುತ್ತಿದ್ದ ಕೂಸು ಗಪ್ಪಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಬೂಟು ಕಚ್ಚಿದ್ದೂ ಮರೆತುಹೋಯಿತು.

ಕೌದಿ ಕೊಟ್ಟುಬಿಟ್ಟದ್ದು ನೆನಪಾದದ್ದು ವಾಪಸು ಹೋಗುವ ಬಸ್ಸಿನಲ್ಲಿ. ಕಿಟಕಿಗೆ ಗಾಜಿಲ್ಲ, ಹೊಳೆಯ ಗಾಳಿ ನೇರವಾಗಿ ನನ್ನ ಎದೆಗೇ! ನನ್ನ ಹಲ್ಲು ಕಟಕಟ ಎನ್ನುವುದು ಕಂಡಕ್ಟರಿಗೂ ಕೇಳುತ್ತಿತ್ತು. ಕೊಟ್ರವ್ವ ಚೀಲದಿಂದ ಮಡಿಸಿಟ್ಟ ಬ್ಯಾನರು ತೆಗೆದಳು. ಕೋಳಿ ಕೂತ ಗುರುತನ್ನು ಒಳಮಗ್ಗುಲಿಗೆ ಹಾಕಿ, ಅಕ್ಷರ ಹೊರಗೆ ಕಾಣುವಂತೆ ಬಿಡಿಸಿ ನನ್ನ ಮೇಲೆ ಹೊದಿಸಿದಳು. ಬಸ್ಸಿನವರೆಲ್ಲ ಕತ್ತು ಹೊರಳಿಸಿ ಓದತೊಡಗಿದರು.

"ಏ, ತೆಗಿಯೇ, ಜನ ನೋಡ್ತಾರೆ!" ಎಂದೆ.

"ಸುಮ್ನೆ ಹೊದ್ಕೊಳ್ರಿ" ಎಂದಳು, ಅಂಚನ್ನು ನನ್ನ ಕುತ್ತಿಗೆಗೆ ಸಿಕ್ಕಿಸುತ್ತ. "ನಿಮ್ಮ ಹೆಸರೊಂದೇ ಸಾಕು, ಕಾಲಿನ ತನಕ ಮುಚ್ಚತೈತೆ."