ಹೊರೆಗೆ ಕಾಯುವ ಕತ್ತೆಗಳು

ಸೈಟು ಕೊಳ್ಳುವಾಗ ನಾವು ನೀರು ಕೇಳುತ್ತೇವೆ, ಕರೆಂಟು ಕೇಳುತ್ತೇವೆ, ವಾಸ್ತು ನೋಡುವವರನ್ನು ಕರೆತಂದು ಅಡುಗೆಮನೆಯ ಮೂಲೆ ಕೇಳುತ್ತೇವೆ. ಸಂಜೆ ಹೊತ್ತು ಅಲ್ಲಿ ಯಾರು ಬಂದು ನಿಲ್ಲುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಹನಕೆರೆಯಿಂದ ಒಳಗೆ, ಮುಚ್ಚಿಹೋದ ಕಲ್ಲುಕ್ವಾರಿಯ ಪಕ್ಕ ಅಗ್ಗಕ್ಕೆ ಸಿಕ್ಕಿತೆಂದು, ಅಲ್ಲೇ ಬಿದ್ದಿದ್ದ ಕಲ್ಲಲ್ಲೇ ಗೋಡೆ ಎತ್ತಿಸಿ ಮನೆ ಕಟ್ಟಿಬಿಟ್ಟೆ.

ಗೃಹಪ್ರವೇಶದ ಮಾರನೆಯ ಸಂಜೆಯಿಂದ ಕತ್ತೆಗಳು ಬರತೊಡಗಿದವು. ಕ್ವಾರಿ ನಿಂತಾಗ ಮಾಲೀಕರು ಬಿಟ್ಟುಹೋದವು ಮತ್ತು ಅವುಗಳ ಮರಿಗಳು. ಯಾರ ಹಂಗೂ ಇಲ್ಲದೆ ಆ ಗುಂಡಿಯಲ್ಲೇ ಬೆಳೆದಿವೆ. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ದಿನಾ ಕತ್ತೆ ಅನ್ನುತ್ತಿದ್ದರು. ನೆಂಟಸ್ತಿಕೆ ಇಷ್ಟು ಹತ್ತಿರದ್ದೆಂದು ಗೊತ್ತಿರಲಿಲ್ಲ. ಈ ಕತ್ತೆಗಳು ಮೇಯುವುದಿಲ್ಲ, ಅರಚುವುದಿಲ್ಲ. ಗೇಟಿನ ಮುಂದೆ ಸಾಲಾಗಿ ನಿಂತು ಮನೆಯನ್ನೇ ನೋಡುತ್ತವೆ. ಕಲ್ಲೆಸೆದರೆ ಆ ಕಲ್ಲನ್ನು ಮೂಸುತ್ತವೆ. ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಹೆಂಡತಿ ಜಯಮ್ಮನಂತೂ, "ಬಾನ್ವಾರದೊಳ್ಗೆ ಇವು ತೊಲಗ್ನಿಲ್ಲ ಅಂದ್ರೆ ನಾನು ಮಳವಳ್ಳಿಗೆ ನಮ್ಮಣ್ಣನ ಮನೆಗೆ ಓಯ್ತೀನಿ. ನೀವೂ ಕತ್ತೆಗಳೂ ಒಟ್ಟಿಗೆ ಸಂಸಾರ ಮಾಡಿ" ಎಂದಳು. ಅವಳು ಆಡಿದ್ದನ್ನು ಮಾಡದೆ ಬಿಟ್ಟವಳಲ್ಲ.

ಹಿಂದೆ ಕ್ವಾರಿಯಲ್ಲಿ ಲಾರಿ ಓಡಿಸುತ್ತಿದ್ದ ಗೆಳೆಯ ಚೆಲುವ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ನೀ ಮನೆ ಕಟ್ಟಿರೋದೇ ಕತ್ತೆಗೆ ಒರೆ ಆಕ್ತಿದ್ದ ಜಾಗ ಕಣ್ಲಾ! ಒರೆ ಆಕೋಗಂಟ ಅವು ಅಲ್ಲಾಡಾಕಿಲ್ಲ ಬುಡು." ಮರಿಗಳು ಯಾಕೆ ನಿಲ್ಲುತ್ತವೆ, ಅವು ಕ್ವಾರಿ ನಡೆದದ್ದನ್ನೇ ಕಂಡಿಲ್ಲವಲ್ಲ ಎಂದೆ. ಅವನು ನಗು ನಿಲ್ಲಿಸಿದ. ಕಾಫಿ ಮುಟ್ಟದೆ ಎದ್ದು ಹೋದ.

ಮುಂದಿನದು ನನ್ನ ಬುದ್ಧಿವಂತಿಕೆ. ಮನೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದು ನಮ್ಮ ಕಡೆ ಪದ್ಧತಿಯಲ್ಲವಲ್ಲ! ಮನೆ ಕಟ್ಟಿ ಮಿಕ್ಕಿದ್ದ ಕಲ್ಲನ್ನು ಗೋಣಿಚೀಲಗಳಿಗೆ ತುಂಬಿ ಒಂದೊಂದು ಕತ್ತೆಯ ಬೆನ್ನಿಗೂ ಹೇರಿದೆ. ಎಲ್ಲವೂ ಹೊರಟವು. ಆದರೆ ಹಿಂದೆ ಕಲ್ಲು ತುಂಬಿಕೊಳ್ಳಲು ಲಾರಿ ನಿಲ್ಲುತ್ತಿದ್ದ ರಸ್ತೆಗಲ್ಲ, ಕ್ವಾರಿಯ ಗುಂಡಿಯೊಳಕ್ಕೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಲ್ಲು ಸುರಿದ ಸದ್ದು ಕೇಳಿಸಿತು.

ಬೆಳಿಗ್ಗೆ ನೋಡಿದರೆ ಗೇಟಿನ ಮುಂದೆ ಖಾಲಿ ಚೀಲಗಳು. ಯಾರೋ ನೀಟಾಗಿ ಮಡಿಸಿ, ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಕತ್ತೆಗೆ ಚೀಲ ಮಡಿಸಲು ಬರುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗಿದೆ. ಗುಂಡಿಗೆ ಇಳಿದು ನೋಡುವ ಧೈರ್ಯ ಇಲ್ಲ.

ಜಯಮ್ಮ ಮಳವಳ್ಳಿಗೆ ಹೋಗಲಿಲ್ಲ. "ಪರವಾಗಿಲ್ಲ, ನಿಮ್ಗೂ ಬುದ್ಧಿ ಅದೆ" ಎಂದು ಮದುವೆಯಾದ ಮೇಲೆ ಮೊದಲ ಸಲ ಹೊಗಳಿದಳು. ಆ ಹೊಗಳಿಕೆ ಉಳಿಸಿಕೊಳ್ಳಲು ದಿನಾ ಸಂಜೆ ಕತ್ತೆಗಳು ಬಂದು ನಿಂತೊಡನೆ ಚೀಲ ತುಂಬಿ ಹೇರಿ ಕಳಿಸುತ್ತೇನೆ. ಮಿಕ್ಕಿದ್ದ ಕಲ್ಲು ಮುಗಿದು ಹಿತ್ತಿಲ ಕಾಂಪೌಂಡಿಗೆ ಕೈ ಹಾಕಿದ್ದೂ ಆಯಿತು. ಅವಳ ಕಣ್ಣೆಲ್ಲ ಮುಂದಿನ ಗೇಟಿನ ಮೇಲೇ, ಹಿತ್ತಿಲ ಸಂಗತಿ ಇನ್ನೂ ಗೊತ್ತಾಗಿಲ್ಲ. ನಿನ್ನೆ ಕಡೆಯ ಕತ್ತೆಗೆ ಕಲ್ಲು ಸಾಲಲಿಲ್ಲ. ಅದು ನನ್ನನ್ನು ದಾಟಿಕೊಂಡು ಹಿತ್ತಿಲಿಗೆ ಹೋಗಿ, ನಾವು ಮಲಗುವ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಹೊರೆಗೆ ಕಾಯುತ್ತಿರುವ ಕತ್ತೆಯನ್ನು ಎಷ್ಟು ಹೊತ್ತು ನಿಲ್ಲಿಸುವುದು? ಒಳಗೆ ಹೋಗಿ ಹಾರೆ ತಂದೆ.